ಗಾಲಿ ಮೇಲಿನ ಮಂಚಕ್ಕೆ ಎಷ್ಟು ಎಸಿ ಬೇಕು?

ಅಮೆರಿಕದ ಹೆದ್ದಾರಿಗಳಲ್ಲಿ ಕಾರಿನ ಹಿಂದೆ ಒಂದು ವಿಚಿತ್ರ ಪೆಟ್ಟಿಗೆ ಓಡುತ್ತಿರುತ್ತದೆ. ಮುಂದೆ ದುಂಡಗೆ, ಹಿಂದೆ ಇಳಿಜಾರಾಗಿ, ಮಲಗಿಸಿದ ನೀರಿನ ಹನಿಯ ಆಕಾರದಲ್ಲಿರುವುದರಿಂದ ಅದಕ್ಕೆ ‘ಟಿಯರ್‌ಡ್ರಾಪ್’ ಎಂದು ಹೆಸರು. ಒಳಗೆ ಎದ್ದು ನಿಲ್ಲಲಾಗದು. ತೆವಳಿ ಹೋಗಿ ಮಲಗಬೇಕು. ಹಿಂಬದಿಯ ಮುಚ್ಚಳ ಎತ್ತಿದರೆ ಒಂದು ಪುಟ್ಟ ಅಡುಗೆಕಟ್ಟೆ. 1930ರ ದಶಕದಲ್ಲಿ ಹುಟ್ಟಿದ ಈ ಟ್ರೈಲರ್, ಎರಡನೇ ಮಹಾಯುದ್ಧ ಮುಗಿದ ಮೇಲೆ ಅಲ್ಲಿನ ಕುಶಲಕಲೆ ಮಾಸಿಕಗಳಲ್ಲಿ ನಕ್ಷೆಯಾಗಿ ಅಚ್ಚಾಯಿತು. ಕೈಯಲ್ಲಿ ಸ್ವಲ್ಪ ಮರಗೆಲಸವಿದ್ದವರು ಮನೆಯ ಗ್ಯಾರೇಜಿನಲ್ಲೇ ಕಟ್ಟಿಕೊಂಡರು. ನಾಲ್ಕಡಿ ಅಗಲ, ಎಂಟಡಿ ಉದ್ದದ ಒಂದು ಇಡೀ ಪ್ಲೈವುಡ್ ಹಾಳೆ ಇದಕ್ಕೆ ನೆಲ. ಅಂದರೆ ಒಟ್ಟು ಜಾಗ 32 ಚದರ ಅಡಿ. ಒಂದು ಡಬಲ್ ಕಾಟ್‌ ಹಾಸಿದರೆ ಮುಗಿಯಿತು.

ಇಂಥ ಪೆಟ್ಟಿಗೆಯನ್ನು ತಂಪು ಮಾಡುವುದು ಹೇಗೆ? ಅದೂ ಕರೆಂಟಿನ ಪ್ಲಗ್ ಇಲ್ಲದ ಕಾಡಿನಲ್ಲಿ, ಮರುಭೂಮಿಯ ಬಯಲಲ್ಲಿ?

ಅಮೆರಿಕದ ಕ್ಯಾಂಪರ್ ಉದ್ಯಮ ಬಹುಕಾಲ ಕೊಟ್ಟ ಉತ್ತರ ಒಂದೇ: ಚಾವಣಿಯ ಮೇಲೆ 13,500 ಬಿಟಿಯು ಎಸಿ ಕೂರಿಸಿ. ದೊಡ್ಡ ಮೋಟಾರ್‌ಹೋಮ್‌ಗಳಿಗಾಗಿ ರೂಪಿಸಿದ ಈ ಯಂತ್ರ ಓಡುವಾಗ 1,200ರಿಂದ 1,500 ವ್ಯಾಟ್ ನುಂಗುತ್ತದೆ. ಶುರುವಾಗುವ ಗಳಿಗೆಯಲ್ಲಿ ಅದರ ಎರಡು-ಮೂರು ಪಟ್ಟು ಬೇಡುತ್ತದೆ. ನಲವತ್ತು ಕಿಲೋ ಆಸುಪಾಸಿನ ತೂಕ ಬೇರೆ. ಕ್ಯಾಂಪ್‌ಗ್ರೌಂಡಿನ ಕಂಬಕ್ಕೆ ವೈರು ಸಿಕ್ಕಿಸಿದರೆ ಸರಾಗವಾಗಿ ಓಡುತ್ತದೆ, ಇಲ್ಲದಿದ್ದರೆ ಮೂಲೆಯಲ್ಲೊಂದು ಜನರೇಟರ್ ಗುಡುಗಬೇಕು. ನಮ್ಮ ಲೆಕ್ಕದಲ್ಲಿ ಇದು ಒಂದು ಟನ್‌ಗೂ ಮಿಕ್ಕಿದ ಎಸಿ. ಬೆಂಗಳೂರಿನ ಮನೆಯ ಒಂದು ಬೆಡ್‌ರೂಮಿಗೆ ಸಾಕಾಗುವಷ್ಟು ಸರಕನ್ನು ಒಂದು ಮಂಚದ ಮೇಲೆ ಹೇರಿದಂತೆ. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ.

ಎಸಿ ಅಂಗಡಿಯಲ್ಲಿ ಕೇಳಿಬರುವ ಈ ‘ಟನ್’ ಯಂತ್ರದ ತೂಕವಲ್ಲ. ಅಮೆರಿಕದ ಒಂದು ಟನ್, ಅಂದರೆ 907 ಕಿಲೋ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೋ ಅಷ್ಟು. ಗಂಟೆಗೆ 12,000 ಬಿಟಿಯು; ವಿದ್ಯುತ್ತಿನವರ ಮಾತಿನಲ್ಲಿ 3,517 ವ್ಯಾಟ್ ಶಾಖ. ಒಂದು ಎಚ್ಚರಿಕೆ: ಇದು ಹೊರಹಾಕುವ ಶಾಖದ ಲೆಕ್ಕ, ಮೀಟರಿನ ಲೆಕ್ಕವಲ್ಲ. ಒಳ್ಳೆಯ ಎಸಿ ಒಂದು ವ್ಯಾಟ್ ಕರೆಂಟು ತಿಂದು ಮೂರು ವ್ಯಾಟ್ ಶಾಖವನ್ನು ಆಚೆಗೆ ಸಾಗಿಸುತ್ತದೆ. ಅದು ಶಾಖವನ್ನು ನಾಶ ಮಾಡುವುದಿಲ್ಲ, ಒಳಗಿನದನ್ನು ಹೊತ್ತು ಹೊರಗೆ ಸುರಿಯುತ್ತದೆ. ಅದಕ್ಕೇ ಈ ಒಂದಕ್ಕೆ ಮೂರರ ಲಾಭ.

ಹಾಗಾದರೆ ನಾಲ್ಕಡಿ-ಎಂಟಡಿಯ ಪೆಟ್ಟಿಗೆಯಿಂದ ನಿಜಕ್ಕೂ ಎಷ್ಟು ಶಾಖ ಸಾಗಿಸಬೇಕು? ಲೆಕ್ಕ ಹಾಕಿಯೇ ಬಿಡಬಹುದು. ನಾಲ್ಕಡಿ ಎತ್ತರವೂ ಸೇರಿದರೆ ಗೋಡೆ, ಚಾವಣಿ, ನೆಲ ಎಲ್ಲ ಕೂಡಿ ಸುಮಾರು 14 ಚದರ ಮೀಟರ್ ಮೈ. ಗೋಡೆಯೊಳಗೆ ಒಂದಿಂಚು ಥರ್ಮಾಕೋಲ್ ತುಂಬಿದೆ ಎಂದುಕೊಳ್ಳಿ. ಹೊರಗೆ ರಾತ್ರಿಯ 34 ಡಿಗ್ರಿ, ಒಳಗೆ 26 ಬೇಕು. ಈ ಎಂಟು ಡಿಗ್ರಿಯ ಅಂತರಕ್ಕೆ ಗೋಡೆ ದಾಟಿ ಬರುವ ಶಾಖ ಹೆಚ್ಚುಕಡಿಮೆ 130 ವ್ಯಾಟ್. ಮಲಗಿರುವ ಇಬ್ಬರ ಮೈಶಾಖ, ಉಸಿರಿನ ಹಬೆ ಸೇರಿ ಇನ್ನೊಂದು 200. ಒಟ್ಟು 330ರಿಂದ 350 ವ್ಯಾಟ್. ಬಿಟಿಯು ಲೆಕ್ಕದಲ್ಲಿ 1,200ರ ಆಜುಬಾಜು. ಚಾವಣಿ ಎಸಿಯ ಸಾಮರ್ಥ್ಯದ ಹನ್ನೊಂದನೇ ಒಂದು ಭಾಗ! ಅದೇ ಪೆಟ್ಟಿಗೆ ಬರೀ ತಗಡಿನದಾಗಿದ್ದು ಥರ್ಮಾಕೋಲ್ ಇಲ್ಲದಿದ್ದರೆ ಗೋಡೆಯೊಂದರಿಂದಲೇ 700 ವ್ಯಾಟ್‌ನಷ್ಟು ನುಗ್ಗುತ್ತದೆ. ಕಡಿಮೆ ಕರೆಂಟಿನ ಎಸಿ ಹುಡುಕಿ ಹೊರಡುವವರು ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು ಎಸಿಯ ಕ್ಯಾಟಲಾಗನ್ನಲ್ಲ, ಗೋಡೆಯ ಒಳಮೈಯನ್ನು. ಆದರೆ ಥರ್ಮಾಕೋಲ್ ಹಾಳೆಗೆ ಜಾಹೀರಾತು ಮಾಡುವವರು ಯಾರು?

ಎಸಿಯೇ ಇಲ್ಲದ ಕಾಲದಲ್ಲೂ ಅಮೆರಿಕನ್ನರು ಮರುಭೂಮಿ ದಾಟುತ್ತಿದ್ದರು. ಚಿಕಾಗೊದಿಂದ ಲಾಸ್ ಏಂಜಲೀಸ್‌ಗೆ ಹೋಗುವ ಹಳೆಯ ರೂಟ್ 66 ರಸ್ತೆ ಮೊಹಾವಿ ಮರುಭೂಮಿಯ ನಡುವೆ ಹಾಯುತ್ತದೆ. ಕಾರ್ಖಾನೆಯಲ್ಲೇ ಎಸಿ ಕೂರಿಸಿಕೊಂಡ ಮೊದಲ ಕಾರನ್ನು ಪ್ಯಾಕರ್ಡ್ ಕಂಪನಿ ತನ್ನ 1940ರ ಮಾದರಿಯಾಗಿ ಹೊರತಂದಿತು; ಅದು ಸಿರಿವಂತರ ಸೊತ್ತು. ಉಳಿದವರ ಕಾರಿನ ಕಿಟಕಿಗೆ ಒಂದು ತಗಡಿನ ಉರುಳೆ ನೇತಾಡುತ್ತಿತ್ತು. ಥರ್ಮಡಾರ್ ಮುಂತಾದ ಕಂಪನಿಗಳು ಮಾಡುತ್ತಿದ್ದ ‘ಕಾರ್ ಕೂಲರ್’ ಅದು. ಉರುಳೆಯ ಬಾಯಿ ಮುಂದಕ್ಕೆ. ಕಾರು ಓಡಿದಂತೆ ಗಾಳಿ ಅದರೊಳಗೆ ನುಗ್ಗುತ್ತದೆ, ಒದ್ದೆ ಪ್ಯಾಡಿನ ಮೂಲಕ ಹಾದು ತಂಪಾಗಿ ಒಳಗೆ ಬೀಸುತ್ತದೆ. ಪ್ಯಾಡ್ ಒಣಗಿತೆಂದರೆ ಪಕ್ಕದಲ್ಲಿ ಕೂತವರು ಒಂದು ದಾರ ಜಗ್ಗಬೇಕು. ಒಳಗಿನ ಪ್ಯಾಡ್ ಉರುಳಿ, ತಳದಲ್ಲಿರುವ ನೀರಿನಲ್ಲಿ ಮುಳುಗೆದ್ದು ಮತ್ತೆ ಒದ್ದೆಯಾಗುತ್ತದೆ. ಇಂಜಿನ್ನಿನಿಂದ ಒಂದು ಹನಿ ಶಕ್ತಿ ಬೇಡ, ಬ್ಯಾಟರಿಯಿಂದ ಒಂದು ವ್ಯಾಟ್ ಬೇಡ. ಕಾರು ನಿಂತಿತೋ, ತಂಪೂ ನಿಂತಿತು.

ಅದರ ಮೊಮ್ಮಕ್ಕಳು ಇಂದಿಗೂ ಅರಿಜೋನ, ನೆವಾಡ, ನ್ಯೂ ಮೆಕ್ಸಿಕೊ ಕಡೆಯ ಕ್ಯಾಂಪರ್‌ಗಳ ಚಾವಣಿಯಲ್ಲಿ ಕಾಣಸಿಗುತ್ತಾರೆ. ಟರ್ಬೋಕೂಲ್ ಎಂಬ ಚಾವಣಿ ಕೂಲರ್ 12 ವೋಲ್ಟಿನಲ್ಲಿ ಓಡುತ್ತದೆ, ಪೂರ್ತಿ ವೇಗದಲ್ಲೂ ಐದು ಆಂಪಿಯರ್ ದಾಟುವುದಿಲ್ಲ. ಅಂದರೆ 60 ವ್ಯಾಟ್‌ನೊಳಗೆ. ಹಳೆಯ ಕಾಲದ ಸೀಲಿಂಗ್ ಫ್ಯಾನ್ ಇದಕ್ಕಿಂತ ಹೆಚ್ಚು ತಿನ್ನುತ್ತದೆ.

ಇಷ್ಟು ಅಗ್ಗದ ತಂಪು ಎಲ್ಲಿಂದ ಬರುತ್ತದೆ ಎಂದರೆ, ನೀರಿನಿಂದ. ಒಂದು ಲೀಟರ್ ನೀರು ಆವಿಯಾಗುವಾಗ ಸುತ್ತಲಿನ ಗಾಳಿಯಿಂದ ಸುಮಾರು 675 ವ್ಯಾಟ್-ಅವರ್ ಶಾಖ ಕಸಿದುಕೊಳ್ಳುತ್ತದೆ. ಮೇಲೆ ಲೆಕ್ಕ ಹಾಕಿದ ಪೆಟ್ಟಿಗೆಯ ಎರಡು ಗಂಟೆಯ ಶಾಖಕ್ಕೆ ಸರಿಸಮ. ಫೀನಿಕ್ಸ್ ನಗರದಲ್ಲಿ ಜೂನ್ ಮಧ್ಯಾಹ್ನ 40 ಡಿಗ್ರಿ ಬಿಸಿಲು, 15 ಶೇಕಡಾ ತೇವಾಂಶ ಇದ್ದಾಗ ಒಳ್ಳೆಯ ಕೂಲರಿನಿಂದ 25 ಡಿಗ್ರಿಯ ಗಾಳಿ ಹೊರಬರುತ್ತದೆ. ಅದೇ ಕೂಲರನ್ನು ಟೆಕ್ಸಸ್ ಕರಾವಳಿಗೆ ಒಯ್ದರೆ, 34 ಡಿಗ್ರಿ ಧಗೆಯಲ್ಲಿ 60 ಶೇಕಡಾ ತೇವಾಂಶ ಸೇರಿದರೆ, ಬರುವುದು 29 ಡಿಗ್ರಿಯ ಮುಗ್ಗಲು ಹಬೆ. ಕಲಬುರಗಿ-ರಾಯಚೂರಿನವರಿಗೆ ಈ ವಿದ್ಯೆಯನ್ನು ಯಾರೂ ಹೇಳಿಕೊಡಬೇಕಿಲ್ಲ. ಮೇ ತಿಂಗಳಲ್ಲಿ ಅವರ ಕೂಲರು ಪ್ರಾಣ ಉಳಿಸುತ್ತದೆ, ಅದನ್ನೇ ಮಂಗಳೂರಿಗೆ ತಂದರೆ ಗೋಡೆಗೆ ಬೂಷ್ಟು ಹಿಡಿಸುತ್ತದೆ. ಕೂಲರ್ ಓಡಿಸುವಾಗ ಕಿಟಕಿಯೊಂದು ತೆರೆದಿರಬೇಕೆಂಬ ನಿಯಮವೂ ಎರಡು ದೇಶಕ್ಕೂ ಒಂದೇ. ಅಲ್ಲಿ ಪ್ಯಾಡಿಗೆ ಬಳಸುವುದು ಆಸ್ಪೆನ್ ಮರದ ಎಳೆಎಳೆ ಹೆರೆ, ನಮ್ಮಲ್ಲಿ ಹಿಂದೆ ಲಾವಂಚದ ಬೇರು. ಪರಿಮಳದ ಮಟ್ಟಿಗೆ ನಮ್ಮದೇ ಮೇಲು.

ಈ 675 ವ್ಯಾಟ್-ಅವರ್‌ಗೆ ಇನ್ನೊಂದು ಮುಖವಿದೆ. ಒದ್ದೆ ಹವೆಯ ಊರಿನಲ್ಲಿ ಕಂಪ್ರೆಸರ್ ಎಸಿ ಓಡಿಸಿದಾಗ ಅದರ ತಣ್ಣನೆಯ ಕಾಯಿಲ್ ಮೇಲೆ ಗಾಳಿಯ ತೇವ ನೀರಾಗಿ ಇಳಿಯುತ್ತದೆ. ಹಾಗೆ ಇಳಿಯುವ ಪ್ರತಿ ಲೀಟರಿಗೂ ಅಷ್ಟೇ ಶಾಖವನ್ನು ಎಸಿ ಹೆಚ್ಚುವರಿಯಾಗಿ ಹೊರಬೇಕು. ಒಣನಾಡಿನಲ್ಲಿ ಕೊಡುಗೆಯಾಗಿ ಸಿಗುವುದನ್ನು ಕರಾವಳಿಯಲ್ಲಿ ದಂಡವಾಗಿ ಕಟ್ಟಬೇಕು. ದೊಡ್ಡ ಎಸಿ ಚಿಕ್ಕ ಜಾಗದಲ್ಲಿ ಸೋಲುವುದೂ ಇಲ್ಲೇ. ಅದು ಐದು ನಿಮಿಷದಲ್ಲಿ ಗಾಳಿಯನ್ನು ತಣ್ಣಗೆ ಮಾಡಿ ನಿಂತುಬಿಡುತ್ತದೆ. ತೇವ ಇಳಿಯಲು ಪುರುಸೊತ್ತೇ ಸಿಗುವುದಿಲ್ಲ. ಮಲಗಿದವರಿಗೆ ಚಳಿಯೂ ಅಂಟೂ ಒಟ್ಟಿಗೇ. ಸಣ್ಣ ಎಸಿ ನಿಧಾನವಾಗಿ ಹೆಚ್ಚು ಹೊತ್ತು ಓಡುತ್ತದೆ, ಹೊದಿಕೆ ಒಣಗಿರುತ್ತದೆ.

ಹೀಗಾಗಿ ಕೈಗೆಟುಕುವ ದಾರಿಯಾಗಿ ಉಳಿದಿದ್ದು ಮನೆಯ ಕಿಟಕಿಗೆ ಹಾಕುವ ಅತಿ ಚಿಕ್ಕ ಎಸಿ. ಅಮೆರಿಕದ ಯಾವ ದೊಡ್ಡ ಅಂಗಡಿಗೆ ಹೋದರೂ 5,000 ಬಿಟಿಯುವಿನ, ಹದಿನೆಂಟು-ಇಪ್ಪತ್ತು ಕಿಲೋ ತೂಗುವ, ಎರಡು ತಿರುಪು ಗುಂಡಿಯ ಯಂತ್ರ ಇನ್ನೂರು ಡಾಲರಿನೊಳಗೆ ಸಿಗುತ್ತದೆ. ಓಡುವಾಗ 450 ವ್ಯಾಟ್ ತಿನ್ನುತ್ತದೆ. ಮಿನೆಸೋಟದ ಬ್ಯಾಕಸ್ ಎಂಬ ಪುಟ್ಟ ಊರಿನಲ್ಲಿ ತಯಾರಾಗುವ ‘ಸ್ಕ್ಯಾಂಪ್’ ಎಂಬ 13 ಅಡಿಯ ಫೈಬರ್‌ಗ್ಲಾಸ್ ಟ್ರೈಲರಿನ ಮಾಲೀಕರು ಇದನ್ನು ಬಟ್ಟೆಯ ಕಪಾಟಿನೊಳಗೆ ಕೂರಿಸಿಕೊಳ್ಳುವುದುಂಟು. ಟಿಯರ್‌ಡ್ರಾಪಿನವರು ಅಡುಗೆಕಟ್ಟೆಯ ಕೆಳಗೆ ಇಟ್ಟು ಕೊಳವೆಯಲ್ಲಿ ತಂಪನ್ನು ಒಳಗೆ ಹಾಯಿಸುತ್ತಾರೆ.

ಕೂರಿಸುವುದರಲ್ಲೇ ಕಸುಬಿರುವುದು. ಕಿಟಕಿ ಎಸಿ ಹೊರಗಿನ ಗಾಳಿಯನ್ನು ಒಳಗೆಳೆದುಕೊಳ್ಳುವುದು ತನ್ನ ಎರಡು ಪಕ್ಕೆಗಳ ಮತ್ತು ನೆತ್ತಿಯ ಸೀಳುಗಳಿಂದ. ಬಿಸಿ ಉಗುಳುವುದು ಬೆನ್ನಿನ ಕಾಯಿಲಿನಿಂದ. ಮನೆಯ ಕಿಟಕಿಯಲ್ಲಿ ಈ ಅರ್ಧ ಭಾಗ ಹೊರಗೆ ಬಯಲಲ್ಲಿರುತ್ತದೆ. ಅದನ್ನೇ ಕಪಾಟಿನಲ್ಲಿ ಹುದುಗಿಸಿ ಹಿಂದೆ ಒಂದೇ ಕಿಂಡಿ ಕೊರೆದರೆ, ಉಗುಳಿದ ಬಿಸಿಯನ್ನೇ ಮತ್ತೆ ಪಕ್ಕೆಯಿಂದ ಹೀರಿಕೊಳ್ಳುತ್ತದೆ. ಹತ್ತು ನಿಮಿಷದಲ್ಲಿ ಕಂಪ್ರೆಸರ್ ಕಾದು ಕೆಂಡವಾಗಿ ಸುರಕ್ಷತಾ ಸ್ವಿಚ್ ಬೀಳುತ್ತದೆ. ಆದ್ದರಿಂದ ಪಕ್ಕೆಯ ಸೀಳಿಗೆ ಬೇರೆ ಕಿಂಡಿ, ಬೆನ್ನಿಗೆ ಬೇರೆ ಕಿಂಡಿ, ನಡುವೆ ತಗಡಿನದೋ ಪ್ಲೈವುಡ್ಡಿನದೋ ಅಡ್ಡಗೋಡೆ, ಸಂದುಗಳಿಗೆ ಫೋಮ್ ಪಟ್ಟಿ. ಇನ್ನೊಂದು ಸೂಕ್ಷ್ಮ: ಈ ಯಂತ್ರದ ಹಿಂಬದಿಯ ಫ್ಯಾನಿನ ಅಂಚಿಗೆ ಒಂದು ಬಳೆ ಇರುತ್ತದೆ. ತಟ್ಟೆಯಲ್ಲಿ ಶೇಖರವಾದ ನೀರನ್ನು ಆ ಬಳೆ ಚಿಮ್ಮಿ ಬಿಸಿ ಕಾಯಿಲಿನ ಮೇಲೆ ಎರಚುತ್ತದೆ. ನೀರು ಆವಿಯಾಗಿ ಕಾಯಿಲನ್ನು ತಣಿಸುತ್ತದೆ. ತೊಟಿಕ್ಕುವ ನೀರಿನ ಕಾಟ ತಪ್ಪಿಸಲೆಂದು ತಟ್ಟೆಗೆ ತೂತು ಕೊರೆಯುವವರು ಈ ಪುಗಸಟ್ಟೆ ಲಾಭವನ್ನೂ ಚೆಲ್ಲಿಬಿಡುತ್ತಾರೆ. ತಿರುಪು ಗುಂಡಿಯ ಹಳೇ ಮಾದರಿಯನ್ನೇ ಜನ ಹುಡುಕುವುದಕ್ಕೂ ಕಾರಣವಿದೆ. ಕರೆಂಟು ಹೋಗಿ ಬಂದರೆ ಅದು ಕೇಳದೆ ಮತ್ತೆ ಶುರುವಾಗುತ್ತದೆ, ರಿಮೋಟಿಗೆ ಕಾಯುವುದಿಲ್ಲ.

ತೊಡಕಿರುವುದು ಶುರುವಿನಲ್ಲಿ. ಓಡುವಾಗ 450 ವ್ಯಾಟ್ ಕೇಳುವ ಈ ಕಂಪ್ರೆಸರ್ ಎದ್ದೇಳುವ ಅರೆಗಳಿಗೆಯಲ್ಲಿ ಮೂರ್ನಾಲ್ಕು ಪಟ್ಟು ಜಗ್ಗುತ್ತದೆ. ಸಾವಿರ ವ್ಯಾಟಿನ ಇನ್ವರ್ಟರ್ ಸಾಕೆಂದು ಕೊಂಡವರು ರಾತ್ರಿಯೆಲ್ಲ ಅದರ ಬೀಪ್ ಕೇಳುತ್ತ ಕೂರಬೇಕಾಗುತ್ತದೆ. ಚಾವಣಿ ಎಸಿಗಳಿಗೆ ‘ಸಾಫ್ಟ್ ಸ್ಟಾರ್ಟರ್’ ಎಂಬ ಪುಟ್ಟ ಡಬ್ಬಿ ಜೋಡಿಸಿ ಈ ಎಳೆತವನ್ನು ಅರ್ಧಕ್ಕೂ ಕಡಿಮೆ ಮಾಡಬಹುದು. ಮೂಲದಲ್ಲೇ ಇದನ್ನು ಬಗೆಹರಿಸಿದ್ದು ವೇಗ ಬದಲಿಸುವ ಕಂಪ್ರೆಸರ್, ನಮ್ಮ ಅಂಗಡಿಗಳಲ್ಲಿ ‘ಇನ್ವರ್ಟರ್ ಎಸಿ’ ಎಂದು ಮಾರುವುದು. 1980ರ ದಶಕದ ಆರಂಭದಲ್ಲಿ ಜಪಾನಿನ ತೋಷಿಬಾ ಮಾರುಕಟ್ಟೆಗೆ ತಂದ ತಂತ್ರ ಇದು. ಮೆಲ್ಲಗೆ ಎದ್ದು, ಬೇಕಾದಷ್ಟೇ ವೇಗಕ್ಕೆ ಏರಿ, ತಂಪಾದ ಮೇಲೆ ನಿಲ್ಲದೆ ಸಣ್ಣಗೆ ಓಡುತ್ತಲೇ ಇರುತ್ತದೆ.

ಯುರೋಪಿನವರಿಗೆ ಈ ಮಿತವ್ಯಯ ಅನಿವಾರ್ಯವಾಗಿಯೇ ಬಂತು. ಅಲ್ಲಿನ ಅನೇಕ ಕ್ಯಾಂಪ್‌ಸೈಟುಗಳ ಕಂಬದಲ್ಲಿ ಸಿಗುವುದು 230 ವೋಲ್ಟಿನ ಆರು ಆಂಪಿಯರ್ ಮಾತ್ರ. ಕೆಟಲ್ ಹಚ್ಚಿದರೆ ಎಸಿ ಆರಿಸಬೇಕು. ಅದಕ್ಕೆ ತಕ್ಕಂತೆ ಜರ್ಮನಿಯ ಟ್ರೂಮಾ ಕಂಪನಿ ಬೆಂಚಿನ ಕೆಳಗೆ ಅಡಗುವ, ಮೂರು ಆಂಪಿಯರಿನೊಳಗೆ ಓಡುವ ಎಸಿ ಮಾಡಿತು.

12 ವೋಲ್ಟಿನಲ್ಲಿ ನೇರವಾಗಿ ಓಡುವ ಎಸಿಗಳಂತೂ ಬಂದದ್ದು ಲಾರಿಗಳಿಂದ. ಅಮೆರಿಕದ ಕಾನೂನಿನಂತೆ ದೂರದ ಲಾರಿ ಚಾಲಕ ಎರಡು ಪಾಳಿಗಳ ನಡುವೆ ಸತತ ಹತ್ತು ಗಂಟೆ ವಿಶ್ರಾಂತಿ ಪಡೆಯಬೇಕು. ಹಿಂದೆ ಚಾಲಕರು ಇಂಜಿನ್ ಓಡುತ್ತಿರುವಂತೆಯೇ ಎಸಿ ಹಾಕಿಕೊಂಡು ಕ್ಯಾಬಿನ್ನಿನಲ್ಲಿ ಮಲಗುತ್ತಿದ್ದರು. ಹಾಗೆ ನಿಂತಲ್ಲೇ ಗುರುಗುಡುವ ಇಂಜಿನ್ ಗಂಟೆಗೆ ಸುಮಾರು ಮೂರು ಲೀಟರ್ ಡೀಸೆಲ್ ಸುಡುತ್ತದೆ. ಒಂದು ನಿದ್ದೆಗೆ 30 ಲೀಟರ್. ಕ್ಯಾಲಿಫೋರ್ನಿಯ 2008ರಿಂದ ಮಲಗುವ ಕ್ಯಾಬಿನ್ನಿನ ಲಾರಿಗಳಿಗೂ ಹೀಗೆ ನಿಂತಲ್ಲೇ ಇಂಜಿನ್ ಓಡಿಸಲು ಐದು ನಿಮಿಷದ ಮಿತಿ ಹಾಕಿತು. ಆಗ ಬರ್ಗ್‌ಸ್ಟ್ರಾಮ್‌ನಂಥ ಕಂಪನಿಗಳ ಬ್ಯಾಟರಿ ಎಸಿಗಳಿಗೆ ಬೇಡಿಕೆ ಕುದುರಿತು. ಅದೇ ಕಂಪ್ರೆಸರುಗಳು, ಅದೇ ನಿಯಂತ್ರಕಗಳು ಹೊಸ ಮುಚ್ಚಳ ಹೊದ್ದು ಇಂದು ಕ್ಯಾಂಪರುಗಳ ನೆತ್ತಿ ಏರಿವೆ.

ಭಾರತದಲ್ಲೂ 2025ರಿಂದ ಹೊಸ ಲಾರಿಗಳ ಚಾಲಕರ ಕ್ಯಾಬಿನ್ನಿಗೆ ಎಸಿ ಕಡ್ಡಾಯವಾಗಿದೆ. ಒಳ್ಳೆಯ ಹೆಜ್ಜೆ. ಆದರೆ ಅವು ಇಂಜಿನ್ನಿನಿಂದ ಓಡುವ ಎಸಿಗಳು. ಢಾಬಾದ ಮುಂದೆ ಇಂಜಿನ್ ಆರಿಸಿ ಮಲಗುವ ಚಾಲಕನಿಗೆ ರಾತ್ರಿಯ ಸೆಖೆ ಹಾಗೆಯೇ ಉಳಿಯುತ್ತದೆ. ಬೆಂಗಳೂರಿನಲ್ಲಿ ಕ್ಯಾಂಪರ್‌ವ್ಯಾನ್ ಬಾಡಿಗೆಗೆ ಪಡೆಯುವವರೂ ಇದೇ ಪ್ರಶ್ನೆಯನ್ನು ಮುಂಗಡ ಕೊಡುವ ಮೊದಲೇ ಕೇಳಬೇಕು: ಇಂಜಿನ್ ನಿಂತ ಮೇಲೆ ಎಸಿ ಓಡುತ್ತದೆಯೇ, ಓಡಿದರೆ ಎಷ್ಟು ಗಂಟೆ?

ಹನ್ನೆರಡು ವೋಲ್ಟಿನ ಎಸಿಯ ಗುಣಗಾನ ಕೇಳುವಾಗ ಸ್ವಲ್ಪ ಉಪ್ಪು-ಖಾರ ತೆಗೆದಿಟ್ಟು ಕೇಳುವುದು ಮೇಲು. ಇನ್ವರ್ಟರ್ ಬೇಕಿಲ್ಲವಾದ್ದರಿಂದ ಶೇಕಡಾ 10–15ರಷ್ಟು ಕರೆಂಟು ಉಳಿಯುವುದು ನಿಜ. ಬೆಲೆ ಮಾತ್ರ ಸಾವಿರ ಡಾಲರ್ ದಾಟುತ್ತದೆ, ಹಲವು ಎರಡು ಸಾವಿರವನ್ನೂ. ಆ ದುಡ್ಡಿನಲ್ಲಿ ಕಿಟಕಿ ಎಸಿ ಕೊಂಡು, ಮಿಕ್ಕಿದ್ದರಲ್ಲಿ ಇನ್ನೊಂದು ಬ್ಯಾಟರಿ ಹಾಕಿಸಿದರೆ ಉಳಿತಾಯಕ್ಕಿಂತ ಹೆಚ್ಚೇ ಸಿಗುತ್ತದೆ. ಜತೆಗೆ, 600 ವ್ಯಾಟನ್ನು 12 ವೋಲ್ಟಿನಲ್ಲಿ ಹಾಯಿಸಲು 50 ಆಂಪಿಯರ್ ಬೇಕು. ಬೆರಳು ದಪ್ಪದ ತಾಮ್ರದ ಕೇಬಲ್ ಎಳೆಯದಿದ್ದರೆ ವೈರೇ ಬಿಸಿಯಾಗುತ್ತದೆ. ಎತ್ತರ ಮುಖ್ಯವಾದ ವ್ಯಾನುಗಳಿಗೆ, ಗೋಡೆ ಕೊರೆಯಲು ಮನಸ್ಸಿಲ್ಲದವರಿಗೆ, ಸದ್ದಿಲ್ಲದ ರಾತ್ರಿಗಾಗಿ ಖರ್ಚು ಮಾಡಬಲ್ಲವರಿಗೆ ಇವು ಸರಿ.

ಕೈಯಲ್ಲಿ ಹಿಡಿದೊಯ್ಯುವ ಎಸಿಗಳ ಗುಂಪು ಬೇರೆಯದೇ. ಜೀರೋ ಬ್ರೀಜ್ ಎಂಬ ಕಂಪನಿಯ ಮಾರ್ಕ್ 2 ಮಾದರಿ 2,300 ಬಿಟಿಯು ತಂಪನ್ನು 240 ವ್ಯಾಟಿನಲ್ಲಿ ಕೊಡುತ್ತದೆ. ಎಕೋಫ್ಲೋ 2023ರಲ್ಲಿ ತಂದ ವೇವ್ 2 ಮಾದರಿ 5,100 ಬಿಟಿಯುವಿಗೆ 500 ವ್ಯಾಟ್ ಆಸುಪಾಸು. ಮೇಲಿನ ನಮ್ಮ ಲೆಕ್ಕದ ಪೆಟ್ಟಿಗೆಗೆ ಮೊದಲನೆಯದೇ ಧಾರಾಳ. ಆದರೆ ಕೊಳವೆಗಳನ್ನು ನೋಡಿ ಕೊಳ್ಳಬೇಕು. ಒಂದೇ ಕೊಳವೆಯ ಎಸಿ ಕೋಣೆಯೊಳಗಿನ ತಂಪುಗಾಳಿಯನ್ನೇ ಎಳೆದು, ಬಿಸಿ ಮಾಡಿ, ಹೊರಗೆ ಊದುತ್ತದೆ. ಹೋದಷ್ಟು ಗಾಳಿ ಎಲ್ಲಿಂದಲಾದರೂ ಒಳಗೆ ಬರಲೇಬೇಕಲ್ಲ. ಬಾಗಿಲ ಸಂದಿನಿಂದ ಹೊರಗಿನ ಝಳ ನುಗ್ಗುತ್ತದೆ. ಎರಡು ಕೊಳವೆಯದು ಹೊರಗಿನ ಗಾಳಿಯನ್ನೇ ಎಳೆದು ಹೊರಗೇ ಬಿಡುತ್ತದೆ. ಈ ಸೋರಿಕೆಯನ್ನೂ ಎಣಿಸುವ ಹೊಸ ಪರೀಕ್ಷಾ ವಿಧಾನವನ್ನು ಅಮೆರಿಕದ ಇಂಧನ ಇಲಾಖೆ ತಂದ ಮೇಲೆ, ಮನೆಬಳಕೆಯ ಪೋರ್ಟಬಲ್ ಎಸಿಗಳ ಡಬ್ಬಿಯ ಮೇಲೆ ಎರಡೆರಡು ಬಿಟಿಯು ಅಂಕಿ ಕಾಣಿಸಿಕೊಂಡವು. ಚಿಕ್ಕ ಅಂಕಿಯೇ ನಿಜದ್ದು.

ಮಂಜುಗಡ್ಡೆ ತುಂಬಿದ ಡಬ್ಬಕ್ಕೆ ಫ್ಯಾನ್ ಕೂರಿಸಿ ‘ಎಸಿ’ ಎಂದು ಮಾರುವ ಸರಕಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಒಂದು ಕಿಲೋ ಗಡ್ಡೆ ಕರಗಿ ಕೊಡುವುದು 93 ವ್ಯಾಟ್-ಅವರ್ ತಂಪು. ಹತ್ತು ಕಿಲೋ ಹೊತ್ತು ತಂದರೂ ಟಿಯರ್‌ಡ್ರಾಪಿನಲ್ಲಿ ಮೂರು ಗಂಟೆಯೊಳಗೆ ಮುಗಿಯುತ್ತದೆ, ಆಮೇಲೆ ಉಳಿಯುವುದು ಒಂದು ಬಕೆಟ್ ನೀರು. ಪೆಲ್ಟಿಯರ್ ಚಿಪ್ಪಿನ ಪುಟಾಣಿ ಯಂತ್ರಗಳು ಇನ್ನೂ ಕೆಳಗಿನವು. ತಿಂದ ಕರೆಂಟಿಗೆ ಸಮನಾದ ತಂಪನ್ನೂ ಕೊಡಲಾರವು.

ಯಂತ್ರ ಯಾವುದಾದರೂ ಇರಲಿ, ಅದರ ಕೆಲಸ ಹಗುರ ಮಾಡುವ ಉಪಾಯಗಳು ಕರೆಂಟು ಕೇಳುವುದಿಲ್ಲ. ಉಷ್ಣನಾಡುಗಳಿಗೆ ಹೋಗುತ್ತಿದ್ದ ಹಳೆಯ ಲ್ಯಾಂಡ್ ರೋವರುಗಳಿಗೆ ಚಾವಣಿಯ ಮೇಲೊಂದು ಚಾವಣಿ ಇರುತ್ತಿತ್ತು. ಎರಡರ ನಡುವೆ ಗಾಳಿ ಹಾಯಲು ಬೆರಳಗಲದ ಸಂದು. ಬಿಸಿಲು ಮೇಲಿನ ತಗಡಿಗೆ ಬೀಳುತ್ತದೆ, ಒಳಚಾವಣಿ ನೆರಳಲ್ಲಿರುತ್ತದೆ. ಇಂದು ಆ ಕೆಲಸವನ್ನು ಸೌರಫಲಕಗಳೇ ಮಾಡಬಲ್ಲವು, ಚಾವಣಿಗೆ ಅಂಟಿಸದೆ ಎರಡಿಂಚು ಮೇಲೆತ್ತಿ ಕೂರಿಸಿದರೆ. ಬಾಗುವ ತೆಳು ಫಲಕವನ್ನು ತಗಡಿಗೇ ಅಂಟಿಸುವವರು ಆ ಲಾಭ ಕಳೆದುಕೊಳ್ಳುತ್ತಾರೆ. ಇಲ್ಲಿ ಎಲ್ಲ ಕ್ಯಾಂಪರಿನವರನ್ನೂ ಕಾಡುವ ಇಕ್ಕಟ್ಟೊಂದಿದೆ. ಮರದ ನೆರಳಲ್ಲಿ ನಿಲ್ಲಿಸಿದರೆ ಒಳಗೆ ತಂಪು, ಫಲಕ ಸತ್ತಂತೆ. ಬಿಸಿಲಲ್ಲಿ ನಿಲ್ಲಿಸಿದರೆ ಬ್ಯಾಟರಿ ತುಂಬುತ್ತದೆ, ಮಲಗುವವರು ಬೇಯುತ್ತಾರೆ. ಮಡಚುವ ಫಲಕವನ್ನು ಉದ್ದ ವೈರಿಗೆ ಕಟ್ಟಿ ಬಿಸಿಲಿಗೆ ಬಿಟ್ಟು, ಗಾಡಿಯನ್ನು ನೆರಳಲ್ಲಿ ಇಡುವುದು ಜಾಣರ ದಾರಿ.

ದೊಡ್ಡ ವ್ಯಾನಿನಲ್ಲಿ ಇರುವವರಿಗೆ ಟಿಯರ್‌ಡ್ರಾಪಿನಿಂದ ಕಲಿಯುವುದಿದೆ. ಇಡೀ ವ್ಯಾನನ್ನು ತಣಿಸುವ ಬದಲು ಮಂಚದ ಸುತ್ತ ದಪ್ಪ ಪರದೆ ಇಳಿಬಿಟ್ಟು ಅಷ್ಟನ್ನೇ ತಣಿಸಿದರೆ ಶಾಖದ ಹೊರೆ ಕಾಲುಭಾಗಕ್ಕೆ ಇಳಿಯಬಹುದು. ನೆದರ್‌ಲ್ಯಾಂಡ್ಸಿನ ಈವ್ನಿಂಗ್ ಬ್ರೀಜ್ ಕಂಪನಿ ಉಷ್ಣವಲಯದ ಹೋಟೆಲುಗಳಿಗಾಗಿ ಸೊಳ್ಳೆಪರದೆಯೊಳಗೆ ಮಾತ್ರ ತಂಪು ಸುರಿಸುವ ಮಂಚವನ್ನೇ ಮಾಡಿದೆ. ಮತ್ತೆ ಫ್ಯಾನನ್ನು ಮರೆಯಬಾರದು. ಸಣ್ಣ ಗಾಳಿ ಮೈಸೋಕುತ್ತಿದ್ದರೆ 28 ಡಿಗ್ರಿಯೂ 25ರಂತೆ ಅನ್ನಿಸುತ್ತದೆ. ಖರ್ಚು ಹತ್ತು ವ್ಯಾಟ್. ಹೊರಗೆ 40 ದಾಟಿದ ಮೇಲೆ ಮಾತ್ರ ಬರೀ ಫ್ಯಾನನ್ನು ನಂಬಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಆ ಬಿಸಿಯಲ್ಲಿ ಅದು ಮೈಗೆ ಬೆಂಕಿಯನ್ನೇ ಬೀಸುತ್ತದೆ.

ಈಗ ಒಂದು ರಾತ್ರಿಯ ಜಮಾ-ಖರ್ಚು. ಥರ್ಮಾಕೋಲ್ ತುಂಬಿದ ಟಿಯರ್‌ಡ್ರಾಪ್, 5,000 ಬಿಟಿಯುವಿನ ಕಿಟಕಿ ಎಸಿ. 350 ವ್ಯಾಟ್ ಶಾಖ ಹೊರಹಾಕಲು ಅದರ ಕಂಪ್ರೆಸರ್ ಗಂಟೆಯಲ್ಲಿ ಹದಿನೈದು ನಿಮಿಷ ಓಡಿದರೆ ಸಾಕು. ಸದಾ ತಿರುಗುವ ಅದರ ಫ್ಯಾನ್, ಇನ್ವರ್ಟರಿನ ಸೋರಿಕೆ ಎಲ್ಲ ಸೇರಿ ಸರಾಸರಿ 150 ವ್ಯಾಟ್. ಎಂಟು ಗಂಟೆಗೆ 1,200 ವ್ಯಾಟ್-ಅವರ್, ನಮ್ಮ ಮೀಟರಿನಲ್ಲಿ ಒಂದೂಕಾಲು ಯೂನಿಟ್ಟಿನೊಳಗೆ. ನೂರು ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿರುವುದು 1,280. ಬೆಳಗಾಗುವಷ್ಟರಲ್ಲಿ ತಳ ಕಾಣುತ್ತದೆ, ಆದರೆ ಬೆಳಗಾಗುತ್ತದೆ. ಅದನ್ನೇ ಸೀಸದ ಬ್ಯಾಟರಿಯಲ್ಲಿ ಮಾಡಹೊರಟರೆ ಎರಡು ಬೇಕು. ಅರ್ಧಕ್ಕಿಂತ ಕೆಳಗಿಳಿಸಿದರೆ ಅದರ ಆಯುಸ್ಸು ಕರಗುತ್ತದೆ. ಮಾರನೇ ದಿನ 300 ವ್ಯಾಟಿನ ಫಲಕ ಒಳ್ಳೆಯ ಬಿಸಿಲಿನಲ್ಲಿ 1,100 ವ್ಯಾಟ್-ಅವರ್ ತುಂಬಿಸೀತು. ಪುಟ್ಟ ಫ್ರಿಜ್ ಅದರಲ್ಲಿ 400ರಷ್ಟು ಕಿತ್ತುಕೊಳ್ಳುತ್ತದೆ. ಉಳಿದ ಕೊರತೆಗೆ ಕಾರಿನ ಆಲ್ಟರ್ನೇಟರ್ ನೆರವಾಗಬೇಕು. 30 ಆಂಪಿಯರಿನ ಚಾರ್ಜರ್ ಇದ್ದರೆ ಎರಡು ಗಂಟೆಯ ಓಡಾಟಕ್ಕೆ 800 ಸಿಗುತ್ತದೆ. ಲೆಕ್ಕ ಕೂಡಿಬರುತ್ತದೆ, ಕೂದಲೆಳೆಯಲ್ಲಿ. ಎರಡು ದಿನ ಮೋಡ ಮುಸುಕಿದರೆ ಕೂಡಿಬರುವುದಿಲ್ಲ.

ಲೆಕ್ಕಕ್ಕೇ ಬಗ್ಗದ ರಾತ್ರಿಗಳೂ ಇವೆ. 2023ರ ಬೇಸಿಗೆಯಲ್ಲಿ ಫೀನಿಕ್ಸ್‌ನಲ್ಲಿ ಸತತ 31 ದಿನ ಉಷ್ಣಾಂಶ 43 ಡಿಗ್ರಿ ದಾಟಿತು. ಅದೇ ಅವಧಿಯಲ್ಲಿ ಹದಿನಾರು ದಿನ ರಾತ್ರಿಯೂ 32ರ ಕೆಳಗೆ ಇಳಿಯಲಿಲ್ಲ. ಹಗಲಿಡೀ ಕಾದ ಗೋಡೆ, ಹಾಸಿಗೆ, ಪಾತ್ರೆಗಳೇ ಆರುವ ಹೊತ್ತಿಗೆ ಬ್ಯಾಟರಿ ಅರ್ಧವಾಗಿರುತ್ತದೆ.

ವರ್ಷವಿಡೀ ಗಾಡಿಯಲ್ಲೇ ಬದುಕುವ ಅಮೆರಿಕದ ಅಲೆಮಾರಿಗಳು, ‘ನೊಮ್ಯಾಡ್‌ಲ್ಯಾಂಡ್’ ಸಿನಿಮಾದಿಂದ ಜಗತ್ತಿಗೆ ಪರಿಚಯವಾದವರು, ಅಂಥ ದಿನಗಳಲ್ಲಿ ಎಸಿಯ ಗೊಡವೆಗೇ ಹೋಗುವುದಿಲ್ಲ. ಚಳಿಗಾಲದಲ್ಲಿ ಅರಿಜೋನದ ಕ್ವಾರ್ಟ್‌ಸೈಟ್ ಬಯಲಿನಲ್ಲಿ ಬೀಡುಬಿಡುವ ಅವರು ಏಪ್ರಿಲ್ ಕಳೆಯುತ್ತಲೇ ಬೆಟ್ಟ ಏರುತ್ತಾರೆ. ಸಾವಿರ ಮೀಟರ್ ಏರಿದರೆ ಆರೂವರೆ ಡಿಗ್ರಿ ತಂಪು ಎನ್ನುವುದು ಭೂಗೋಳದ ಪಾಠ. ಫೀನಿಕ್ಸ್ ಇರುವುದು 330 ಮೀಟರ್ ಎತ್ತರದಲ್ಲಿ, ಫ್ಲಾಗ್‌ಸ್ಟಾಫ್ 2,100 ಮೀಟರಿನಲ್ಲಿ. ಜುಲೈನಲ್ಲಿ ಫೀನಿಕ್ಸಿನಲ್ಲಿ 41 ಡಿಗ್ರಿ, ಫ್ಲಾಗ್‌ಸ್ಟಾಫಿನಲ್ಲಿ 28. ನಡುವೆ 230 ಕಿಲೋಮೀಟರ್.

ಅದೂ ಪುಕ್ಕಟೆಯೇನಲ್ಲ. ಟ್ರೈಲರ್ ಎಳೆಯುವ ಕಾರು ಲೀಟರಿಗೆ ಎಂಟು ಕಿಲೋಮೀಟರ್ ಕೊಟ್ಟರೆ ಘಾಟಿ ಹತ್ತಲು 29 ಲೀಟರ್ ಪೆಟ್ರೋಲ್ ಬೇಕು. ಹೋಂಡಾದ ಇಯು2200ಐ ಜನರೇಟರ್ ಕಾಲುಭಾಗ ಹೊರೆಯಲ್ಲಿ, ಅಂದರೆ ಸರಿಯಾಗಿ ಆ 450 ವ್ಯಾಟಿನ ಕಿಟಕಿ ಎಸಿ ಓಡಿಸುತ್ತ, 3.6 ಲೀಟರಿನಲ್ಲಿ ಎಂಟು ಗಂಟೆ ನಡೆಯುತ್ತದೆ. ಘಾಟಿಗೆ ಬೇಕಾದ ಆ 29 ಲೀಟರಿನಲ್ಲಿ ಎಂಟು ರಾತ್ರಿ ಕಳೆಯಬಹುದು, ಪಕ್ಕದವರು ಸದ್ದು ಸಹಿಸಿದರೆ, ಹೊಗೆ ಕಿಟಕಿಯತ್ತ ಬಾರದಂತೆ ದೂರ ಇಟ್ಟರೆ. ಹೀಗಾಗಿ ವಾರಾಂತ್ಯಕ್ಕೆ ಬಂದವರಿಗೆ ಜನರೇಟರ್ ಅಗ್ಗ, ಎರಡು ವಾರ ಉಳಿಯುವವರಿಗೆ ಬೆಟ್ಟ ಅಗ್ಗ. ಫ್ಲಾಗ್‌ಸ್ಟಾಫ್ ಸುತ್ತಲಿನ ಕೊಕೊನಿನೊ ರಾಷ್ಟ್ರೀಯ ಅರಣ್ಯದಲ್ಲಿ ಪೈನ್ ಮರಗಳ ನಡುವೆ ಬಾಡಿಗೆಯಿಲ್ಲದೆ ಬೀಡುಬಿಡಲು ಸಿಗುವ ಅವಧಿಯೂ ಅಷ್ಟೇ: 30 ದಿನಗಳಲ್ಲಿ 14.